ಗಜನಿ ನೀರಿನ ಪಾಚಿಗೂ ರೋಗ ಬರ್ತದೆ: ಅದರ ಚರಿತ್ರೆ ಮತ್ತು ನಮ್ಮ ಕರಾರು ಪತ್ರ

ಈ ಸಲದ ಬರಹ ಸ್ವಲ್ಪ ಉದ್ದ ಉಂಟು. ರಾತ್ರಿ ಊಟ ಆದ ಮೇಲೆ ನಿಧಾನಕ್ಕೆ ಓದಿ.

ಕೆರೆ ಮಾಡಿದವರೆಲ್ಲ ಒಂದಲ್ಲ ಒಂದು ವರ್ಷ ಇದನ್ನು ನೋಡಿದವರೇ. ನಿನ್ನೆ ಸಂಜೆವರೆಗೆ ಹಸಿರು-ಕಂದು ಬಣ್ಣ ಇದ್ದ ನೀರು ಇವತ್ತು ಬೆಳಿಗ್ಗೆ ತೊಳೆದ ಹಾಗೆ ತಿಳಿ ಆಗಿರ್ತದೆ. ಗಾಳಿ ಬೀಸಿದ ಬದಿಗೆ ನೊರೆ ಸೇರಿರ್ತದೆ. ಶೆಟ್ಲಿ ಬದುವಿನ ಹತ್ರ ಮೇಲೆ ಬಂದು ಉಸಿರಿಗೆ ಒದ್ದಾಡ್ತದೆ. ಮಳೆ ಇಲ್ಲ, ಮೋಡ ಇಲ್ಲ, ಗೇಟು ತೆಗೆದದ್ದಿಲ್ಲ. ಆದ್ರೂ ಬಣ್ಣ ಹೋಯ್ತು. ಅಂಗಡಿಗೆ ಹೋದ್ರೆ ಒಂದು ಪುಡಿ ಕೊಡ್ತಾರೆ, ಮತ್ತೊಂದು ಅಂಗಡಿಯಲ್ಲಿ ಮತ್ತೊಂದು ಪುಡಿ. ಶೆಟ್ಲಿಗೆ ಏನೋ ರೋಗ ಬಂತು ಹೇಳಿ ನಾವು ತಿಳ್ಕೊಳ್ತೇವೆ. ಆ ನೀರಿನ ಪಾಚಿಗೇ ರೋಗ ಬಂದಿರಬಹುದು ಅಂತ ಯಾರಿಗೂ ಹೊಳೆಯೋದಿಲ್ಲ.

ಪಾಚಿಗೆ ರೋಗವಾ ಅಂತ ನಗಬೇಡಿ. ಮಾವಿನ ಮರಕ್ಕೆ ಬಂದಳಿಕೆ ಹತ್ತುವುದಿಲ್ಲವಾ? ಅಡಿಕೆಗೆ ಕೊಳೆ ಬರುವುದಿಲ್ಲವಾ? ಹಾಗೇ ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿಯ ಮೇಲೂ ಅದಕ್ಕಿಂತ ಸಣ್ಣ ಪರಾವಲಂಬಿಗಳು ಬದುಕ್ತವೆ. ಇದು ಗೊತ್ತಾಗಿ 170 ವರ್ಷ ದಾಟಿತು. ಆ ಚರಿತ್ರೆಯನ್ನು ಓದಿ, ಬಲ್ಲವರನ್ನು ಕೇಳಿ ತಿಳ್ಕೊಂಡ ಮೇಲೆ ನನಗೆ ನಮ್ಮ ಹಳೇ ಗಜನಿ ಪದ್ಧತಿ ಬೇರೆ ರೀತಿ ಕಾಣ್ಲಿಕ್ಕೆ ಶುರು ಆಯ್ತು.

ಮೊದಲು, ಪಾಚಿ ಯಾಕೆ ಬೇಕು

ಪಾಚಿ ಅಂದ್ರೆ ಕಲ್ಲಿನ ಮೇಲಿನ ಹಾವಸೆ ಅಲ್ಲ. ನೀರಲ್ಲೇ ತೇಲಿಕೊಂಡಿರುವ, ಒಂದೇ ಜೀವಕೋಶದ ಗಿಡ. ಒಂದು ಹನಿ ನೀರಲ್ಲಿ ಸಾವಿರಗಟ್ಟಲೆ ಇರಬಹುದು. ನೀರಿಗೆ ಬಣ್ಣ ಬರುವುದು ಇದರಿಂದ. ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡ್ತದೆ, ಶೆಟ್ಲಿಯ ಹೇಲು ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯವನ್ನು ತಿಂತದೆ. ಹೊಳೆಯ ಬಳಚು ತಿನ್ನುವುದು ಇದನ್ನೇ. ಕಡಲಲ್ಲೂ ಅದೇ ಲೆಕ್ಕ. ಫ್ರಾಜಿಲೇರಿಯಾ ಓಶಿಯಾನಿಕಾ ಅನ್ನುವ ಒಂದು ಪಾಚಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಜಾಸ್ತಿ ಆದಾಗ ತಾರ್ಲೆಯೂ ಜಾಸ್ತಿ ಸಿಗ್ತದೆ ಅಂತ ನಾಯರ್ ಮತ್ತು ಸುಬ್ರಹ್ಮಣ್ಯನ್ ಅನ್ನುವ ವಿಜ್ಞಾನಿಗಳು 1955ರಲ್ಲೇ ಬರೆದಿದ್ದಾರೆ. ಗದ್ದೆಯವನಿಗೆ ಮಣ್ಣು ಹೇಗೋ ನೀರಿನವನಿಗೆ ಪಾಚಿ ಹಾಗೆ.

ಈ ಪಾಚಿ ಒಮ್ಮೆಲೇ ಸತ್ತರೆ ಆಮ್ಲಜನಕ ಕೊಡುವವರಿಲ್ಲ. ಸತ್ತದ್ದು ಕೊಳೆಯುವಾಗ ಇದ್ದ ಆಮ್ಲಜನಕವೂ ಖರ್ಚಾಗ್ತದೆ, ಅಮೋನಿಯ ಏರ್ತದೆ. ಬೆಳಗಿನ ಜಾವ ಎಲ್ಲಕ್ಕಿಂತ ಕೆಟ್ಟ ಹೊತ್ತು. ಶೆಟ್ಲಿ ಸುಸ್ತಾಗಿ ಕೂತಾಗ ಉಳಿದ ರೋಗಗಳಿಗೆ ಬಾಗಿಲು ತೆರೆದ ಹಾಗೆ.

ಪಾಚಿಯ ರೋಗ ಕಂಡುಹಿಡಿದವರು

ಜರ್ಮನಿಯ ಅಲೆಕ್ಸಾಂಡರ್ ಬ್ರೌನ್ ಅನ್ನುವ ಸಸ್ಯಶಾಸ್ತ್ರಜ್ಞ 1850ರ ದಶಕದಲ್ಲಿ ಸೂಕ್ಷ್ಮದರ್ಶಕದಡಿ ಸಿಹಿನೀರಿನ ಪಾಚಿ ನೋಡುವಾಗ, ಪಾಚಿಗೆ ಅಂಟಿಕೊಂಡ ಸಣ್ಣ ಸಣ್ಣ ಮಡಕೆ ಆಕಾರದ ಚೀಲಗಳನ್ನು ಕಂಡರು. ಗ್ರೀಕ್ ಭಾಷೆಯಲ್ಲಿ ಸಣ್ಣ ಮಡಕೆಗೆ ಇರುವ ಹೆಸರನ್ನೇ ಇಟ್ಟರು, ಕೈಟ್ರಿಡ್. ಇದು ಒಂದು ಜಾತಿ ಶಿಲೀಂಧ್ರ. ಇದರ ಬೀಜಕ್ಕೆ ಒಂದು ಬಾಲ ಉಂಟು, ನೀರಲ್ಲಿ ಈಜ್ತದೆ. ತನಗೆ ಬೇಕಾದ ಪಾಚಿ ಸಿಕ್ಕಿದ ಕೂಡಲೇ ಅಂಟಿಕೊಂಡು ಒಳಗೆ ಬೇರು ಬಿಡ್ತದೆ. ಪಾಚಿಯ ಸಾರ ಹೀರಿ ಮಡಕೆ ಉಬ್ತದೆ, ಒಡೀತದೆ, ಮತ್ತೆ ಹತ್ತಾರು ಬೀಜ ಈಜಿಕೊಂಡು ಹೊರಬೀಳ್ತವೆ. ಇಷ್ಟೆಲ್ಲ ಆಗ್ಲಿಕ್ಕೆ ಒಂದೆರಡು ದಿನ ಸಾಕು.

ಅಚವೆ, ಹಿಲ್ಲೂರು ಕಡೆಯ ಅಡಿಕೆಯವರಿಗೆ ಇದು ಕೂಡಲೇ ಅರ್ಥ ಆಗ್ತದೆ. ಕೊಳೆರೋಗದ ಫೈಟಾಪ್ತೊರಾ ಕೂಡ ಮಳೆನೀರಿನಲ್ಲಿ ಈಜುವ ಬೀಜದಿಂದಲೇ ಹರಡುವುದು. ಅದಕ್ಕೆ ಎರಡು ಬಾಲ, ಇದಕ್ಕೆ ಒಂದು, ಅಷ್ಟೇ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಸಾಹೇಬರು 1910ರಲ್ಲಿ ಕೊಳೆರೋಗದ ಬಗ್ಗೆ ಬರೆದು ಬೋರ್ಡೋ ದ್ರಾವಣ ಹೊಡೆಯುವುದನ್ನು ಹೇಳಿಕೊಟ್ಟರು. ಮೈಲುತುತ್ತ, ಸುಣ್ಣ. ನೂರು ವರ್ಷ ದಾಟಿದ್ರೂ ನಮ್ಮ ಮಳೆಗಾಲ ಅದರ ಮೇಲೇ ನಿಂತಿದೆ.

ಹಾಗಾದ್ರೆ ಅದನ್ನೇ ಕೆರೆಗೆ ಹಾಕಿದ್ರೆ ಆಗ್ತದಲ್ಲ? ಇಲ್ಲ. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಇದೇ ಮೈಲುತುತ್ತವನ್ನು ಕುಡಿಯುವ ನೀರಿನ ಕೆರೆಗಳಲ್ಲಿ ಪಾಚಿ ಕೊಲ್ಲಲಿಕ್ಕೆ ಅಂತಲೇ ಬಳಸಿ ತೋರಿಸಿದರು. ಅಡಿಕೆ ಮರ ತಾಮ್ರ ತಡ್ಕೊಳ್ತದೆ, ಪಾಚಿ ತಡ್ಕೊಳ್ಳುವುದಿಲ್ಲ. ಪಾಚಿಯ ರೋಗಕ್ಕೆ ತಾಮ್ರ ಹಾಕುವುದು, ಹೇನಿಗೆ ಅಂತ ತಲೆಯನ್ನೇ ಕಡಿದ ಹಾಗೆ. ಈ ಒಂದು ಕಾರಣಕ್ಕೇ ಪಾಚಿ ರೋಗದ ಚರಿತ್ರೆ ಅಡಿಕೆ ರೋಗದ ಚರಿತ್ರೆಗಿಂತ ಬೇರೆ ದಾರಿ ಹಿಡಿಯಿತು. ಔಷಧಿಯಿಂದ ಆಗದ ಕೆಲಸವನ್ನು ನೀರಿನ ಗುಣ ಬದಲಿಸಿ ಮಾಡಬೇಕಾಯ್ತು.

ಬ್ರೌನ್ ಆದ ಮೇಲೆ ಬಹಳ ಕಾಲ ಇದನ್ನು ಒಂದು ವಿಚಿತ್ರ ಅಂತ ನೋಡಿದರೇ ಹೊರತು ಇದರಿಂದ ಎಷ್ಟು ಹಾನಿ ಅಂತ ಯಾರೂ ಸರಿಯಾಗಿ ಎಣಿಸಿರಲಿಲ್ಲ. ಎಣಿಸಿದವರು ಇಂಗ್ಲೆಂಡಿನ ಹಿಲ್ಡಾ ಕ್ಯಾಂಟರ್ ಮತ್ತು ಜಾನ್ ಲುಂಡ್. ವಿಂಡರ್ಮಿಯರ್ ಅನ್ನುವ ದೊಡ್ಡ ಸರೋವರದ ನೀರನ್ನು ಮತ್ತೆ ಮತ್ತೆ ತಂದು, ನಕ್ಷತ್ರ ಆಕಾರದ ಒಂದು ಪಾಚಿಯಲ್ಲಿ ಎಷ್ಟಕ್ಕೆ ಕೈಟ್ರಿಡ್ ಹತ್ತಿದೆ ಅಂತ ಲೆಕ್ಕ ಹಾಕಿದರು. 1948ರಲ್ಲಿ ಅದನ್ನು ಪ್ರಕಟಿಸಿದರು. ರೋಗ ಜೋರಾದಾಗ ಆ ಪಾಚಿ ಕುಸಿದು ಬೀಳ್ತದೆ, ಆದರೆ ಸರೋವರ ಖಾಲಿ ಆಗುವುದಿಲ್ಲ. ರೋಗ ಹತ್ತದ ಬೇರೆ ಪಾಚಿ ಆ ಜಾಗ ಹಿಡೀತದೆ. ಯಾಕೆಂದ್ರೆ ಇಂಥ ಪರಾವಲಂಬಿಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಆಯ್ಕೆ ಉಂಟು, ಸಿಕ್ಕಿದ್ದನ್ನೆಲ್ಲ ಹಿಡಿಯುವುದಿಲ್ಲ.

ಈ ಮಾತು ನೆನಪಿಡಿ. ಹಲವು ಜಾತಿ ಪಾಚಿ ಇದ್ದ ನೀರು ಒಂದು ರೋಗಕ್ಕೆ ಪೂರ್ತಿ ಬೀಳುವುದು ಕಡಿಮೆ. ಒಂದೇ ಜಾತಿ ದಟ್ಟವಾಗಿ ತುಂಬಿದ ನೀರಿಗೆ ಅಪಾಯ ಜಾಸ್ತಿ.

ಉಪ್ಪುನೀರಿಗೆ ಇದೆಲ್ಲ ಇಲ್ಲ ಅಂದ್ಕೊಳ್ಳಬೇಡಿ. ಜರ್ಮನಿಯ ಕಡಲಲ್ಲಿ 1960ರ ದಶಕದಲ್ಲಿ ಡ್ರೆಬೆಸ್ ಅನ್ನುವವರು ಕಾಸಿನೊಡಿಸ್ಕಸ್ ಅನ್ನುವ ದುಂಡಗಿನ ಪಾಚಿಯ ಒಳಗೆ ಬೆಳೆಯುವ ಒಂದು ಪರಾವಲಂಬಿಯನ್ನು ವಿವರಿಸಿದರು. ಅದು ನಮ್ಮ ಕೊಳೆರೋಗದ ಸಂಬಂಧಿ. ಕಾಸಿನೊಡಿಸ್ಕಸ್ ಕುಲದ ಪಾಚಿ ನಮ್ಮ ಕಾರವಾರದ ಕಡಲಲ್ಲೂ ಉಂಟು.

ನಮ್ಮ ದೇಶದ ಗದ್ದೆಯಲ್ಲಿ

ನಮ್ಮ ದೇಶದಲ್ಲಿ ಈ ಚರಿತ್ರೆ ಶುರು ಆದದ್ದು ಭತ್ತದ ಗದ್ದೆಯಿಂದ. ಗೊಬ್ಬರ ಹಾಕದ ಗದ್ದೆಯಲ್ಲೂ ವರ್ಷ ವರ್ಷ ಭತ್ತ ಹೇಗೆ ಬರ್ತದೆ? ನೀರಿನ ಮೇಲಿನ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕ ಹಿಡಿದು ಕೊಡ್ತದೆ ಅಂತ 1939ರಲ್ಲಿ ಪಿ.ಕೆ. ಡೇ ತೋರಿಸಿದರು. 1950ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್.ಎನ್. ಸಿಂಗ್, ಉತ್ತರ ಭಾರತದ ಊಸರ್ ಅನ್ನುವ ಚೌಳು ಜಮೀನಿಗೆ ಬದು ಕಟ್ಟಿ ಮಳೆನೀರು ನಿಲ್ಲಿಸಿ ಪಾಚಿ ಬೆಳೆಸಿದರೆ ಜಮೀನು ಸುಧಾರಿಸ್ತದೆ ಅಂತ ಬರೆದರು. ಬದು ಕಟ್ಟಿ, ಸಿಹಿನೀರು ನಿಲ್ಲಿಸಿ, ಉಪ್ಪು ಇಳಿಸುವುದು. ಗಜನಿಯವರಿಗೆ ಇದು ಹೊಸತಲ್ಲ ನೋಡಿ.

ಆಮೇಲೆ ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ.ಎಸ್. ವೆಂಕಟರಾಮನ್ ಅವರು ರೈತರೇ ಹಿತ್ತಿಲಲ್ಲಿ ಟ್ರೇ ಇಟ್ಟು ಮಣ್ಣು-ನೀರಲ್ಲಿ ಪಾಚಿ ಬೆಳೆಸಿ, ಒಣಗಿಸಿ, ಹೆಕ್ಟೇರಿಗೆ 10 ಕಿಲೋದಂತೆ ಗದ್ದೆಗೆ ಎರಚುವ ಪದ್ಧತಿ ತಂದರು. ಅಲ್ಲಿ ಕಾಟ ಕೊಟ್ಟದ್ದು ಪರಾವಲಂಬಿಗಿಂತ ಮೇಯುವ ಹುಳ. ಸೊಳ್ಳೆಮರಿ, ಬಸವನಹುಳ, ಸಣ್ಣ ಚಿಪ್ಪಿನ ನೀರುಹುಳ ಕೂತು ಪಾಚಿ ಮೇದು ಬಿಡ್ತಿದ್ದವು. ಮೊದಲು ಕೀಟನಾಶಕ ಹಾಕಿದರು. ಫಿಲಿಪೈನ್ಸಿನ ಭತ್ತ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಬೇವಿನ ಬೀಜ ಬಳಸಿ ಈ ಮೇಯುವ ಹುಳ ಇಳಿಸಬಹುದಾ ಅಂತ ಗದ್ದೆಯಲ್ಲೇ ಪರೀಕ್ಷೆ ಮಾಡಿದರು.

ಅದಕ್ಕೂ ಮುಂಚೆ ಮತ್ತೊಂದು ಸಂಗತಿ. 1963ರಲ್ಲಿ ಅಮೆರಿಕದ ಒಂದು ಕೊಳಚೆ ನೀರಿನ ಹೊಂಡದಲ್ಲಿ ನೀಲಿ-ಹಸಿರು ಪಾಚಿಯನ್ನು ಒಡೆಯುವ ವೈರಸ್ಸನ್ನು ಸಾಫರ್‌ಮನ್ ಮತ್ತು ಮಾರಿಸ್ ಕಂಡುಹಿಡಿದರು. ನಾಲ್ಕೇ ವರ್ಷದಲ್ಲಿ, 1967ರಲ್ಲಿ, ಅದೇ ಬನಾರಸ್ಸಿನ ಆರ್.ಎನ್. ಸಿಂಗ್ ಮತ್ತು ಪಿ.ಕೆ. ಸಿಂಗ್ ನಮ್ಮ ದೇಶದಲ್ಲೂ ಅಂಥ ವೈರಸ್ ಉಂಟು ಅಂತ ಪ್ರಕಟಿಸಿದರು. ಒಬ್ಬರಿಗೆ ಪಾಚಿ ಕಳೆ, ಅದನ್ನು ಕೊಲ್ಲುವ ವೈರಸ್ ಸ್ನೇಹಿತ. ನಮ್ಮ ಭತ್ತದವರಿಗೆ ಪಾಚಿ ಗೊಬ್ಬರ, ಅದೇ ವೈರಸ್ ಕಳ್ಳ.

ಪಾಚಿಯನ್ನೇ ಬೆಳೆ ಮಾಡಿದವರು

ಗದ್ದೆ ಬಿಟ್ಟು, ಪಾಚಿಯನ್ನೇ ಮಾರುವ ಬೆಳೆಯಾಗಿ ತೊಟ್ಟಿಯಲ್ಲಿ ಬೆಳೆಸಲಿಕ್ಕೆ ಹೊರಟವರಿಗೆ ಈ ರೋಗದ ಬಿಸಿ ಸರಿಯಾಗಿ ತಟ್ಟಿತು. ಜರ್ಮನಿಯಲ್ಲಿ ಸೀನೆಡೆಸ್ಮಸ್ ಅನ್ನುವ ಹಸಿರು ಪಾಚಿಯನ್ನು ತೆರೆದ ತೊಟ್ಟಿಗಳಲ್ಲಿ ಬೆಳೆಸಿದಾಗ ಶಿಲೀಂಧ್ರ ಹತ್ತಿದ್ದನ್ನು 1960ರ ದಶಕದ ಕೊನೆಗೇ ದಾಖಲೆ ಮಾಡಿದ್ದಾರೆ. 1970ರ ದಶಕದಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎಲ್.ವಿ. ವೆಂಕಟರಾಮನ್ ಅವರ ತಂಡ ಜರ್ಮನಿಯವರ ಜೊತೆ ಸೇರಿ ಮೊದಲು ಇದೇ ಸೀನೆಡೆಸ್ಮಸ್ ಬೆಳೆಸಿತು, ಆಮೇಲೆ ಸ್ಪಿರುಲಿನಾ ಕಡೆ ತಿರುಗಿತು.

ಸ್ಪಿರುಲಿನಾದ ಒಂದು ಗುಣ ನೋಡಿ. ಅದು ಸೋಡಾ ನೀರಲ್ಲಿ, ಪಿಎಚ್ 10ರ ಹತ್ರ ಇದ್ರೂ ಚೆನ್ನಾಗಿ ಬೆಳೀತದೆ. ಅಷ್ಟು ಕ್ಷಾರದಲ್ಲಿ ಅದರ ಶತ್ರುಗಳಲ್ಲಿ ಬಹಳಷ್ಟಕ್ಕೆ ಬದುಕ್ಲಿಕ್ಕೆ ಆಗುವುದಿಲ್ಲ. ತೆರೆದ ತೊಟ್ಟಿಯಲ್ಲಿ ವರ್ಷಗಟ್ಟಲೆ ಅದನ್ನು ಬೆಳೆಸಲಿಕ್ಕೆ ಆಗುವುದು ಈ ಗುಣದಿಂದ. ಡುನಾಲಿಯೆಲ್ಲಾ ಅನ್ನುವ ಪಾಚಿಯದ್ದೂ ಇದೇ ಉಪಾಯ, ಅಲ್ಲಿ ಸೋಡಾ ಬದಲು ಉಪ್ಪು. ಉಪ್ಪಿನ ಆಗರಗಳಲ್ಲಿ ಬೇಸಿಗೆಗೆ ನೀರು ಗಟ್ಟಿಯಾದಾಗ ಕೆಂಪು-ಗುಲಾಬಿ ಬಣ್ಣ ಬರ್ತದಲ್ಲ, ಅದರಲ್ಲಿ ಈ ಜಾತಿಯ ಪಾಚಿಯ ಪಾಲು ಉಂಟು. ಉಪ್ಪು ಅಷ್ಟು ಏರಿದಾಗ ಅದನ್ನು ಮೇಯುವವರು ಹಿಂದೆ ಬೀಳ್ತಾರೆ.

1972ರಲ್ಲಿ ಸೋವಿಯತ್ ದೇಶದ ಗ್ರೊಮೊವ್ ಮತ್ತು ಮಾಮ್ಕಾಯೆವಾ, ಕ್ಲೋರೆಲ್ಲಾ ಪಾಚಿಗೆ ಹೊರಗಿಂದ ಅಂಟಿ ಸಾರ ಹೀರುವ ಒಂದು ಬ್ಯಾಕ್ಟೀರಿಯಾ ವಿವರಿಸಿದರು. ಆಮೇಲೆ ಅದಕ್ಕೆ ರಕ್ತ ಹೀರುವ ಪಿಶಾಚಿಯ ಹೆಸರೇ ಬಂತು, ವ್ಯಾಂಪಿರೊವಿಬ್ರಿಯೊ. ಅಮೆರಿಕದಲ್ಲಿ ಕ್ಲೋರೆಲ್ಲಾ ಬೆಳೆಸುವವರು 2016ರಲ್ಲಿ ಇದಕ್ಕೆ ಮಾಡಿದ ಉಪಾಯ ಸರಳ. ವಿನೆಗರಿನಲ್ಲಿರುವ ಆಮ್ಲ ಹಾಕಿ ತೊಟ್ಟಿಯ ಪಿಎಚ್ಚನ್ನು ದಿನಕ್ಕೊಮ್ಮೆ 15 ನಿಮಿಷ 3.5ಕ್ಕೆ ಇಳಿಸುವುದು, ಮತ್ತೆ ಏರಿಸುವುದು. ಕ್ಲೋರೆಲ್ಲಾ ಆ ಪೆಟ್ಟು ತಡೆಯಿತು, ಪಿಶಾಚಿ ತಡೆಯಲಿಲ್ಲ.

ಔಷಧಿ ಗೆದ್ದ ಕಥೆಯೂ ಒಂದು ಉಂಟು, ಮುಚ್ಚಿಡುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪಾಚಿಯಿಂದ ಎಣ್ಣೆ ತೆಗೆಯುವ ಕಂಪನಿಯೊಂದು ತೆರೆದ ಹೊಂಡಗಳಲ್ಲಿ ಸೀನೆಡೆಸ್ಮಸ್ ಬೆಳೆಸ್ತಿತ್ತು. ಪರಾವಲಂಬಿ ಬಂದು ಹೊಂಡ ಹೊಂಡವೇ ಹೋಗ್ತಿತ್ತು. ಅವರು ಪೈರಾಕ್ಲೊಸ್ಟ್ರೋಬಿನ್ ಹಾಕಿ ಅದನ್ನು ತಡೆದರು, 2014ರಲ್ಲಿ ಪ್ರಕಟಿಸಿದರು. ನಮ್ಮ ತರಕಾರಿ ಬೆಳೆಗಾರರಿಗೆ ಈ ಹೆಸರು ಗೊತ್ತಿರಬಹುದು. ಆದರೆ ಇದನ್ನು ಓದಿ ಯಾರೂ ಕೆರೆಗೆ ಸುರಿಯಬೇಡಿ. ಅಲ್ಲಿ ಇದ್ದದ್ದು ಪಾಚಿ ಮಾತ್ರ, ತಿನ್ನುವ ಪ್ರಾಣಿ ಇಲ್ಲ, ನೀರು ಹೊಳೆಗೆ ಹೋಗುವುದಿಲ್ಲ. ನೀರಿನ ಜೀವಿಗಳಿಗೆ ಅದು ಬಲವಾದ ವಿಷ. ನಮ್ಮ ಗೇಟು ಎತ್ತಿದ್ರೆ ನೀರು ಹೋಗುವುದು ಬಳಚು ಆರಿಸುವ ಹೆಂಗಸರ ಕಾಲಬುಡಕ್ಕೆ.

ಈಗ ನಮ್ಮ ಗಜನಿ

ಇಷ್ಟೂ ಚರಿತ್ರೆಯಲ್ಲಿ ಗೆದ್ದವರು ಹೆಚ್ಚಾಗಿ ನೀರಿನ ಗುಣವನ್ನು ಬದಲಿಸಿದವರು. ಪಾಚಿ ತಡೆಯುವ, ಶತ್ರು ತಡೆಯದ ಒಂದು ಪೆಟ್ಟು ಕೊಟ್ಟವರು. ಈಗ ನಮ್ಮ ಹಿರಿಯರ ಗಜನಿ ವರ್ಷವನ್ನು ನೆನಪು ಮಾಡಿ.

ಜೂನಿನಲ್ಲಿ ಮಳೆ ಹಿಡೀತದೆ. ಮಳೆನೀರು, ಹೊಳೆನೀರು ಸೇರಿ ಗಜನಿಯ ಉಪ್ಪು ತೊಳೀತದೆ. ಮೊಳಕೆ ಬರಿಸಿದ ಕಗ್ಗ ಬೀಳ್ತದೆ. ಉಪ್ಪು ತಡೆಯುವ, ನೆರೆ ತಡೆಯುವ ಎತ್ತರದ ಭತ್ತ, ಗೊಬ್ಬರ ಇಲ್ಲ, ಔಷಧಿ ಇಲ್ಲ. ಅಕ್ಟೋಬರ್-ನವೆಂಬರದಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುವುದು. ಆಮೇಲೆ ಗೇಟು ತೆಗೆದು ಭರತದ ನೀರು ಒಳಗೆ ಬಿಡುವುದು. ಹುಲ್ಲು ಕೊಳೆತು ಪಾಚಿಗೆ ಆಹಾರ, ಪಾಚಿ ಶೆಟ್ಲಿಗೆ ಆಹಾರ. ಶೆಟ್ಲಿ, ಏಡಿ, ಮೀನು ಭರತದ ಜೊತೆ ತಾವೇ ಬರುವುದು. ಬೇಸಿಗೆ ಕೊನೆಗೆ ನೀರು ಇಳಿಸಿ ಹಿಡಿದು, ನೆಲ ಬಿಸಿಲಿಗೆ ಬಿರುಕು ಬಿಡುವುದು. ಮತ್ತೆ ಮಳೆ.

ಒಂದೇ ವರ್ಷದಲ್ಲಿ ಸಿಹಿನೀರು, ಉಪ್ಪುನೀರು, ಒಣ ನೆಲ. ಮಳೆಗಾಲದ ಪಾಚಿ ಬೇರೆ, ಬೇಸಿಗೆ ಪಾಚಿ ಬೇರೆ. ಒಂದರ ಮೇಲೆ ಬದುಕುವ ಪರಾವಲಂಬಿಗೆ ಅರ್ಧ ವರ್ಷ ಊಟವೇ ಇಲ್ಲ. ಗದ್ದೆಯಲ್ಲಿ ನಾವು ಬೆಳೆ ಬದಲಿಸುವುದು ಯಾಕೆ? ಅದೇ ಕೆಲಸವನ್ನು ಗಜನಿ ನೀರಿನಲ್ಲಿ ಮಾಡ್ತಿತ್ತು ಅಂತ ನನ್ನ ಲೆಕ್ಕ. ಹಿರಿಯರು ಪಾಚಿ ರೋಗಕ್ಕೆ ಅಂತ ಇದನ್ನು ಮಾಡಿದ್ದಲ್ಲ, ಅನ್ನಕ್ಕೆ ಮತ್ತು ಮೀನಿಗೆ ಮಾಡಿದ್ದು. ಆದರೆ ಫಲ ಎರಡೂ ಕಡೆ. ಪೂರ್ತಿ ನಿರ್ನಾಮ ಆಗ್ತಿತ್ತು ಅಂತ ಹೇಳುವುದಿಲ್ಲ. ಕೈಟ್ರಿಡ್‌ಗಳಲ್ಲಿ ಹಲವಕ್ಕೆ ದಪ್ಪ ಸಿಪ್ಪೆಯ ಬೀಜ ಮಾಡಿ ಕೆಸರಲ್ಲಿ ಮಲಗುವ ವಿದ್ಯೆ ಗೊತ್ತು. ಅವುಗಳ ಸಂಖ್ಯೆ ಇಳೀತದೆ, ಅಷ್ಟು ಸಾಕು.

ಈ ಚಕ್ರ ನಿಧಾನಕ್ಕೆ ಮುರಿಯಿತು. ನಮ್ಮ ಜಿಲ್ಲೆ ಮುಂಬೈ ಸರಕಾರದ ಕೆಳಗೆ ಇದ್ದಾಗ 1948ರಲ್ಲಿ ಖಾರ್ ಜಮೀನಿನ ಕಾಯ್ದೆ ಬಂತು, ಆಮೇಲೆ ಊರವರ ಮಣ್ಣಿನ ಕಟ್ಟೆಯ ಜಾಗಕ್ಕೆ ಹಲವು ಕಡೆ ಸರಕಾರದ ಕಲ್ಲಿನ ಕಟ್ಟೆ ಬಂತು. ಅದರಿಂದ ಭತ್ತಕ್ಕೆ ಅನುಕೂಲವೇ ಆಯ್ತು. ಆದರೆ ಗೇಟು ಯಾರ ಕೈಯಲ್ಲಿ ಅನ್ನುವ ಪ್ರಶ್ನೆ ಹುಟ್ಟಿತು. 1980-90ರ ದಶಕದಲ್ಲಿ ಶೆಟ್ಲಿಗೆ ರೇಟು ಬಂದ ಮೇಲೆ ಗೇಟು ಹಿಡಿದವರಿಗೆ ಮಳೆಗಾಲದಲ್ಲೂ ಉಪ್ಪುನೀರೇ ಬೇಕಾಯ್ತು. ಕಗ್ಗದ ಬೀಜ ಇಟ್ಟವರು ಬೆರಳೆಣಿಕೆ ಆದರು.

1994ರ ಕೊನೆಗೆ ಪೂರ್ವ ಕರಾವಳಿಯಲ್ಲಿ ಬಿಳಿಚುಕ್ಕಿ ರೋಗ ಎದ್ದಿತು, ನಂತರ ನಮ್ಮ ಕಡೆಗೂ ಬಂತು. 1996ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಕೃಷಿ ಜಮೀನು, ಉಪ್ಪಿನ ಆಗರಗಳನ್ನು ಶೆಟ್ಲಿ ಕೆರೆ ಮಾಡಬಾರದು, ಸಾಂಪ್ರದಾಯಿಕ ಪದ್ಧತಿ ನಡೆಯಬಹುದು ಅಂತ ತೀರ್ಪು ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದು ನೋಂದಣಿ ಕಡ್ಡಾಯ ಆಯ್ತು. 2009ರಿಂದ ವನಾಮಿ ಬಂತು. ಬಿಳಿಚುಕ್ಕಿ ಶೆಟ್ಲಿಯ ವೈರಸ್, ಪಾಚಿಯದ್ದಲ್ಲ. ಎರಡನ್ನೂ ಒಂದೇ ಮಾಡಬೇಡಿ. ಆದರೆ ಅಂದಿನಿಂದ ನಮ್ಮ ಕಣ್ಣು ಶೆಟ್ಲಿಯ ಮೈ ಮೇಲೆ ನೆಟ್ಟಿತು, ನೀರಿನ ಕಡೆ ನೋಡುವುದು ಕಡಿಮೆ ಆಯ್ತು.

ನಾವು ಮಾಡಬಹುದಾದ್ದು

1. ಬಣ್ಣ ಹೋದ ದಿನ ಪುಡಿ ತರುವ ಮುಂಚೆ ಒಂದು ಬಾಟ್ಲಿ ನೀರು ತೆಗೆದಿಡಿ. ಪಾಚಿ ಬೀಳ್ಲಿಕ್ಕೆ ಮೋಡ, ದೊಡ್ಡ ಮಳೆ, ಗೊಬ್ಬರ ತೀರಿದ್ದು, ರೋಗ ಎಲ್ಲವೂ ಕಾರಣ ಇರಬಹುದು, ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಸೂಕ್ಷ್ಮದರ್ಶಕ ಬೇಕು. ಕಾರವಾರ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ವಿಭಾಗ ಉಂಟು, ಸಿಎಂಎಫ್‌ಆರ್‌ಐ ಕೇಂದ್ರ ಉಂಟು. ಹೋಗಿ ಕೇಳಿ. ನೀರು ಅದೇ ದಿನದ್ದಾಗಿರಲಿ.

2. ಬಿಳಿ-ಕಪ್ಪು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸಿ. ಅದು 30ರಿಂದ 40 ಸೆಂಟಿಮೀಟರ್ ಆಳದಲ್ಲಿ ಮರೆ ಆದರೆ ಪಾಚಿ ಹದ. ಅದಕ್ಕಿಂತ ಮೇಲೇ ಮರೆ ಆದರೆ ದಟ್ಟ ಆಯ್ತು, ಆಹಾರ ಕಡಿಮೆ ಮಾಡಿ, ಸ್ವಲ್ಪ ನೀರು ಬದಲಿಸಿ. ದಟ್ಟ ಬೆಳೆಯಲ್ಲಿ ರೋಗ ಹರಡುವುದು ಸಲೀಸು.

3. ಬಿದ್ದ ನೀರಿಗೆ ಮೈಲುತುತ್ತ ಹಾಕಬೇಡಿ. ಉಳಿದ ಪಾಚಿಯೂ ಹೋಗ್ತದೆ. ಆ ದಿನ ಆಹಾರ ನಿಲ್ಲಿಸಿ, ಗಾಳಿ ಚಕ್ರ ಇದ್ರೆ ರಾತ್ರಿ ಪೂರ್ತಿ ಓಡಿಸಿ, ಭರತದಲ್ಲಿ ಒಳ್ಳೇ ನೀರು ಬಂದಾಗ ಸ್ವಲ್ಪ ಸ್ವಲ್ಪ ಬಿಡಿ. ಹೊಸ ನೀರಿನ ಜೊತೆ ಬೇರೆ ಜಾತಿ ಪಾಚಿಯೂ ಬರ್ತದೆ. ಪಕ್ಕದ ಕೆರೆಯವ ಅದೇ ದಿನ ಕೆಟ್ಟ ನೀರು ಬಿಟ್ಟಿದ್ದಾನಾ ಅಂತ ಮಾತ್ರ ಮೊದಲು ಕೇಳ್ಕೊಳ್ಳಿ. ನೀವು ಬಿಡುವಾಗಲೂ ಅವನಿಗೆ ಹೇಳಿ.

4. ವರ್ಷಕ್ಕೊಮ್ಮೆ ನೆಲ ಬಿರುಕು ಬಿಡುವಷ್ಟು ಒಣಗಿಸಿ. ಸುಣ್ಣ ಹಾಕುವುದಾದರೆ ಮಣ್ಣು ಪರೀಕ್ಷೆ ನೋಡಿ ಹಾಕಿ.

ಇನ್ನು ಮುಖ್ಯ ಮಾತು. ಗಜನಿ ಲೀಜಿಗೆ ಕೊಟ್ಟವರು ಕರಾರು ಬರೆಯುವಾಗ ರೊಕ್ಕದ ಸಾಲು ಮಾತ್ರ ಓದಿ ಸಹಿ ಹಾಕ್ತೇವೆ. ಈ ಸಲ ಎರಡು ಸಾಲು ಸೇರಿಸಿ. ಒಂದು, ಮಳೆಗಾಲದಲ್ಲಿ ಗೇಟು ಮುಚ್ಚಿ ಸಿಹಿನೀರು ನಿಲ್ಲಿಸಬೇಕು, ಕಗ್ಗ ಹಾಕುವ ಹಕ್ಕು ಜಮೀನಿನವನಿಗೆ ಇರಬೇಕು. ಎರಡು, ಮಳೆಗೆ ಮುಂಚೆ ನೆಲ ಒಣಗಿಸಿ ಕೊಡಬೇಕು. ಲೀಜು ಹಿಡಿದವರು ಮೊದಲು ಒಪ್ಪಲಿಕ್ಕಿಲ್ಲ. ಒಬ್ಬೊಬ್ಬನೇ ಕೇಳಿದ್ರೆ ಆಗುವುದೂ ಇಲ್ಲ, ಯಾಕೆಂದ್ರೆ ಗೇಟು ಒಂದೇ, ಗಜನಿ ಹತ್ತಾರು ಜನರದ್ದು. ಒಂದು ಗೇಟಿನ ಒಳಗಿನ ಜಮೀನಿನವರೆಲ್ಲ ಒಟ್ಟಿಗೆ ಕೂತು ಬರೆಸಬೇಕು.

ನೀರು ಮೂರು ರೀತಿ ಬದಲಾಗುವ ಗಜನಿ ಲೀಜು ಹಿಡಿದವನಿಗೂ ಲಾಭವೇ, ಅವನ ಶೆಟ್ಲಿಯೂ ಅದೇ ಪಾಚಿ ನಂಬಿ ಬದುಕುವುದು. ಕರಾರು ಮುಗಿದ ಮೇಲೆ ಅವನು ಬೇರೆ ಹೊಳೆಗೆ ಹೋಗ್ತಾನೆ. ಉಳಿದ ಕೆಸರು, ಉಳಿದ ರೋಗದ ಬೀಜ ನಮ್ಮದೇ ಜಮೀನಿನಲ್ಲಿ ಇರ್ತದೆ.

ಯಾರ ಮನೆಯಲ್ಲಿ ಕಗ್ಗದ ಬೀಜ ಇನ್ನೂ ಉಂಟು, ದಯವಿಟ್ಟು ತಿಳಿಸಿ. ಬೇಕಾದವರು ಇದ್ದಾರೆ.